ಕಣ್ಣಿನ ಪೊರೆಯಲ್ಲ, ಟಿವಿಯ ಸ್ಟಿಕ್ಕರು

ಹೋದ ದೀಪಾವಳಿಗೆ ಊರಿಗೆ 43 ಇಂಚಿನ ಟಿವಿ ತಗೊಂಡು ಹೋಗಿದ್ದೆ. ಡಬ್ಬದ ಮೇಲೆ ‘4ಕೆ ಎಚ್‌ಡಿಆರ್’ ಅಂತ ಮಿರಮಿರ ಮಿಂಚುವ ಸ್ಟಿಕ್ಕರ್. ತಿಂಗಳಾದ ಮೇಲೆ ಅಪ್ಪ ಫೋನಿನಲ್ಲಿ ಮೆಲ್ಲಗೆ ಅಂದ್ರು: ‘ಪೊರೆ ತೆಗೆಸಿದ ಕಣ್ಣು ಮತ್ತೆ ಮಂಜಾಯ್ತೇನೋ ಕಣಪ್ಪ. ಪಿಚ್ಚರಲ್ಲಿ ರಾತ್ರಿ ಸೀನು ಬಂದ್ರೆ ಬರೀ ಮಾತು ಕೇಳಿಸ್ತದೆ, ಮಕಾನೇ ಕಾಣಲ್ಲ.’ ಬಸ್ಸು ಹಿಡಿದು ಕಣ್ಣಿನ ಡಾಕ್ಟರ ಹತ್ರ ಹೋಗಿಬಂದಿದ್ದರು. ಕಣ್ಣು ಚೆನ್ನಾಗಿದೆ ಅಂತ ಹೇಳಿ ವಾಪಸ್ ಕಳಿಸಿದ್ದರು. ಆಮೇಲೆ ನಾನೇ ಊರಿಗೆ ಹೋಗಿ ಟಿವಿ ಮುಂದೆ ಕೂತೆ. ಹಗಲು ಹೊತ್ತು, ಬಾಗಿಲು ತೆರೆದಿತ್ತು. ಪರದೆಯಲ್ಲಿ ಹೀರೋ ಬದಲು ನಾನು, ಅಪ್ಪ, ನಮ್ಮ ಹಿಂದೆ ಅಂಗಳದ ತೆಂಗಿನಮರ.

ಇಂಥ ದೂರಿಗೆ ತಯಾರಕರ ಕಡೆಯಿಂದ ಬರುವ ಉತ್ತರ ಯಾವಾಗಲೂ ಒಂದೇ: ನಿಮಗೆ ಟಿವಿ ಸೆಟ್ಟಿಂಗ್ ಗೊತ್ತಿಲ್ಲ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತು ‘ದಿ ಲಾಂಗ್ ನೈಟ್’ ಬಂದಾಗ ಏನೂ ಕಾಣಲಿಲ್ಲ ಅಂತ ಜಗತ್ತೆಲ್ಲ ಗಲಾಟೆಯಾಯ್ತು. ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಕೊಟ್ಟ ವಿವರಣೆಯಲ್ಲೂ ಜನ ಟಿವಿ ಸರಿಯಾಗಿ ಟ್ಯೂನ್ ಮಾಡಿಕೊಂಡಿಲ್ಲ ಅನ್ನೋ ಮಾತೇ ಮುಂದೆ. ಅಮೆರಿಕದಲ್ಲಿ ರಾತ್ರಿ ಒಂಬತ್ತು ಅಂದ್ರೆ ನಮಗೆ ಬೆಳಗಿನ ಆರೂವರೆ. ಎಳೆ ಬಿಸಿಲಲ್ಲಿ ಕೂತು ನೋಡಿದ ನಮ್ಮವರು ಏನು ಟ್ಯೂನ್ ಮಾಡಬೇಕಿತ್ತೋ! ಅದು ಹಳೆಯ ಎಸ್‌ಡಿಆರ್ ಪ್ರಸಾರ. ಎಚ್‌ಡಿಆರ್ ಬಂದ ಮೇಲೆ ಇದೇ ರೋಗ ಇನ್ನೂ ಬಲಿತಿದೆ.

ಪರದೆಯ ಹೊಳಪನ್ನು ನಿಟ್ಸ್‌ನಲ್ಲಿ ಅಳೀತಾರೆ. ಹಳೆಯ ಪದ್ಧತಿಯಲ್ಲಿ ಸಿನಿಮಾವನ್ನು ಸುಮಾರು 100 ನಿಟ್ಸ್‌ನ ಮಾನಿಟರಿನಲ್ಲಿ ಸಿದ್ಧಪಡಿಸುತ್ತಿದ್ದರು. ಸಿಗ್ನಲ್‌ಗೆ ಗೊತ್ತಿದ್ದದ್ದು ಇಷ್ಟೇ: ಇದು ಬಿಳಿ, ಇದು ಅದರ ಅರ್ಧ, ಇದು ಕಾಲು. ನಿಮ್ಮ ಟಿವಿಯ ಬಿಳಿ ಎಷ್ಟೋ ಅದೇ ಬಿಳಿ. ಹಗಲಾದರೆ ಬ್ಯಾಕ್‌ಲೈಟ್ ಏರಿಸಿದರಾಯ್ತು, ಚಿತ್ರ ಪೂರ್ತಿ ಏರುತ್ತಿತ್ತು. ಎಚ್‌ಡಿಆರ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಡಾಲ್ಬಿ ಕಂಪನಿಯಿಂದ ಬಂದ ಪಿಕ್ಯೂ ಪದ್ಧತಿಯಲ್ಲಿ ಹಾಗಲ್ಲ. ಅದು ಅಪ್ಪಣೆ ಕೊಡುತ್ತೆ: ಈ ಮುಖ 8 ನಿಟ್ಸ್, ಆ ಬೆಂಕಿ 1000 ನಿಟ್ಸ್. ಕಾಗದದ ಮೇಲೆ ಅದರ ಮಿತಿ 10,000 ನಿಟ್ಸ್. ಈ ಲೆಕ್ಕವೆಲ್ಲ ನೋಡುವವನು ಬಹುತೇಕ ಕತ್ತಲ ಕೋಣೆಯಲ್ಲಿ ಕೂತಿದ್ದಾನೆ ಅಂತ ನಂಬಿ ಹಾಕಿದ್ದು.

ಈಗ ನಮ್ಮ ಮನೆ ಟಿವಿಗೆ ಬನ್ನಿ. ಅಗ್ಗದ ಪ್ಯಾನೆಲ್ಲುಗಳ ಸಾಮರ್ಥ್ಯ ಸಾಮಾನ್ಯವಾಗಿ 250-300 ನಿಟ್ಸ್. ನಾಲ್ಕು ಸೇರು ರಾಗಿಯನ್ನು ಒಂದು ಸೇರಿನ ಪಾತ್ರೆಗೆ ತುಂಬಬೇಕು. ಈ ತುಂಬಿಸುವ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಅಂತ ಹೆಸರು. ತುದಿಯ ಬೆಂಕಿ, ದೀಪಗಳನ್ನಷ್ಟೇ ಜಾಣತನದಿಂದ ಒತ್ತಿ, ಮುಖಗಳನ್ನು ಇದ್ದಲ್ಲೇ ಬಿಡಬಹುದು. ದಡ್ಡ ಟಿವಿ ಎಲ್ಲವನ್ನೂ ಒಟ್ಟಿಗೆ ಕೆಳಗಿಳಿಸುತ್ತೆ. ಅದರ ಮೇಲೆ ಎಚ್‌ಡಿಆರ್10ರಲ್ಲಿ ಇಡೀ ಸಿನಿಮಾಕ್ಕೆ ಒಂದೇ ಗರಿಷ್ಠ ಹೊಳಪಿನ ಅಂಕಿ ಬರುತ್ತೆ. ಕ್ಲೈಮ್ಯಾಕ್ಸಲ್ಲಿ ಎಲ್ಲೋ ಒಂದು ಬಾಂಬ್ ಸಿಡಿಯುತ್ತೆ ಅಂತ, ಮೊದಲರ್ಧದ ಲಾಟೀನು ಬೆಳಕಿನ ಮುಖವೂ ಕಪ್ಪಾಗಬೇಕು! ತೆರೆದ ಬಾಗಿಲಿನ ಬೆಳಕು ಬಿದ್ದ ಪರದೆ ತಾನೇ ಎರಡು-ಮೂರು ನಿಟ್ಸ್ ವಾಪಸ್ ಎಸೆಯುತ್ತೆ. 8 ನಿಟ್ಸ್‌ನ ಮುಖ 2 ನಿಟ್ಸ್‌ಗೆ ಇಳಿದರೆ ಕಾಣೋದು ತೆಂಗಿನಮರವೇ. ರಿಮೋಟ್ ಒತ್ತೋಣ ಅಂದ್ರೆ, ಎಚ್‌ಡಿಆರ್ ಶುರುವಾದ ಕೂಡಲೇ ಬ್ಯಾಕ್‌ಲೈಟ್ ಆಗಲೇ ತುದಿಗೆ ಹೋಗಿ ಕೂತಿರುತ್ತೆ. ಏರಿಸೋಕೆ ಏನೂ ಉಳಿದಿಲ್ಲ.

ಹಾಗಾದರೆ ಆ ಸ್ಟಿಕ್ಕರಿನ ಅರ್ಥ? ‘ಎಚ್‌ಡಿಆರ್ ಸಿಗ್ನಲ್ ಬಂದ್ರೆ ಈ ಟಿವಿ ತಿರಸ್ಕರಿಸೋದಿಲ್ಲ’, ಅಷ್ಟೇ. ತೋರಿಸುವ ತಾಕತ್ತಿದೆ ಅಂತ ಅಲ್ಲ. ಕಂಪ್ಯೂಟರ್ ಮಾನಿಟರುಗಳಿಗೆ ವೆಸಾ ಸಂಸ್ಥೆ 2017ರಲ್ಲಿ ತಂದ ಮುದ್ರೆಗೆ ಕನಿಷ್ಠ 400 ನಿಟ್ಸ್ ಬೇಕು, ಅದೇ ಕಮ್ಮಿ ಅಂತ ಬೈದವರಿದ್ದಾರೆ. ಟಿವಿ ಡಬ್ಬದ ಮೇಲೆ ನಿಟ್ಸ್ ಎಷ್ಟು ಅಂತ ಹುಡುಕಿ ನೋಡಿ, ಬಹಳಷ್ಟು ಕಡೆ ಸಿಗೋದೇ ಇಲ್ಲ. ಫ್ಯಾನಿನ ಮೇಲೆ ವ್ಯಾಟ್ ಬರೆಯೋ ದೇಶದಲ್ಲಿ ಟಿವಿ ಮೇಲೆ ಹೊಳಪು ಬರೆಯೋಕೆ ಏನು ಧಾಡಿ?

‘ನಿರ್ದೇಶಕರ ಕಲ್ಪನೆಗೆ ಕೈ ಹಾಕಬಾರದು’ ಅನ್ನೋ ವಾದ ಇದೆಯಲ್ಲ, ಅದಕ್ಕೆ ನಾನು ತಲೆಬಾಗ್ತೀನಿ. ಆದರೆ ಯಾವ ನಿರ್ದೇಶಕನೂ ತನ್ನ ಹೀರೋ ಜಾಗದಲ್ಲಿ ನಮ್ಮ ತೆಂಗಿನಮರ ಕಾಣಲಿ ಅಂತ ಬಯಸಿರಲಾರ. ಪರದೆ ಎಷ್ಟು ದುರ್ಬಲ, ಕೋಣೆ ಎಷ್ಟು ಬೆಳಕಿನದು ಅಂತ ತಿಳ್ಕೊಂಡು ಚಿತ್ರವನ್ನು ಹೊಂದಿಸೋದು ಕಲ್ಪನೆಗೆ ಮಾಡುವ ದ್ರೋಹವಲ್ಲ. ಕಲ್ಪನೆ ಮನೆ ತಲುಪೋಕೆ ಅದೊಂದೇ ದಾರಿ. ಇದು ಆಗದ ಕೆಲಸವೂ ಅಲ್ಲ. ಮನೆಮನೆಗೆ ಪ್ರಸಾರ ಮಾಡುವ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಎಚ್‌ಎಲ್‌ಜಿ ಅನ್ನೋ ಪದ್ಧತಿ ಮಾಡಿದವು. ಅದು ಹಳೆಯ ಕ್ರಮದಂತೆಯೇ ಪರದೆಯ ಶಕ್ತಿಗೆ ತಕ್ಕಂತೆ ಹಿಗ್ಗುತ್ತೆ, ಕುಗ್ಗುತ್ತೆ. ಹಳೇ ಟಿವಿಯಲ್ಲೂ ನೋಡುವಂತಿರುತ್ತೆ. ದೃಶ್ಯದಿಂದ ದೃಶ್ಯಕ್ಕೆ ಅಂಕಿ ಕೊಡುವ ಡಾಲ್ಬಿ ವಿಷನ್, ಎಚ್‌ಡಿಆರ್10+ ಇವೆ. ಕೋಣೆಯ ಬೆಳಕು ಅಳೆದು ಕತ್ತಲ ಭಾಗವನ್ನು ಎತ್ತುವ ಟಿವಿಗಳೂ ಇವೆ. ಆದರೆ ಆ ಸೆನ್ಸರ್ ಸಿಗೋದು ದುಬಾರಿ ಟಿವಿಯಲ್ಲಿ, ಪರದೆ ಎಳೆದು ಕತ್ತಲು ಮಾಡಿಕೊಳ್ಳಬಲ್ಲವರ ಮನೆಗೆ. ಅದು ನಿಜವಾಗಿ ಬೇಕಿರೋದು ಪಡಸಾಲೆಯ ಅಗ್ಗದ ಟಿವಿಗೆ.

ಕೋಡ್ ಬರೆಯುವ ನಾವೂ ಸಾಚಾಗಳಲ್ಲ. ಟಿವಿ ‘ಎಚ್‌ಡಿಆರ್ ಬರುತ್ತೆ’ ಅಂದ ತಕ್ಷಣ ಆ್ಯಪ್ ಅದನ್ನೇ ಕಳಿಸುತ್ತೆ. ‘ಮಾಮೂಲಿ ಚಿತ್ರ ಸಾಕು’ ಅನ್ನೋಕೆ ಅಲ್ಲೊಂದು ಬಟನ್ ಇಡೋದು ಎಷ್ಟು ದಿನದ ಕೆಲಸ ಅಂತ ನನಗೂ ಗೊತ್ತು, ಇದನ್ನು ಓದುತ್ತಿರುವ ನನ್ನ ಸಹೋದ್ಯೋಗಿಗಳಿಗೂ ಗೊತ್ತು.

ಕೊನೆಗೆ ಟಿವಿಗೆ ಒಂದು ಸ್ಟಿಕ್ ಸಿಕ್ಕಿಸಿ, ಅದರ ಸೆಟ್ಟಿಂಗಿನ ಆಳಕ್ಕೆ ಹೋಗಿ ಎಚ್‌ಡಿಆರನ್ನೇ ಆಫ್ ಮಾಡಿದೆ. ಅದೇ ಸಿನಿಮಾ, ಅದೇ ರಾತ್ರಿ, ಮುಖಗಳು ಬಂದವು. ಅಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದ್ರು: ‘ಹಂಗಾರೆ ಮೊದ್ಲೇ ಹಿಂಗೇ ಇಟ್ಟು ಯಾಕ್ ಮಾರಕಿಲ್ಲ?’ ಆಮೇಲೆ ಕನ್ನಡಕ ಒರೆಸಿಕೊಂಡು ಪಿಚ್ಚರ್ ಮತ್ತೆ ಮೊದಲಿಂದ ಹಾಕು ಅಂದ್ರು.