ಹೊಗೆಯ ಬಣ್ಣ ನೋಡದೆ ಎಂಜಿನ್ ಬಿಚ್ಚುವವರಿಗೆ

2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ ಇಂದಿಗೂ ಎಷ್ಟೋ ಸಂಸಾರಗಳಿಗೆ ಅನ್ನ ನೀಡುತ್ತಿದೆ. ಅದು ಹೊಗೆಯುಗುಳಿದೊಡನೆ ‘ಎಂಜಿನ್ ಬಿಚ್ಚಬೇಕು’ ಎಂದು ತೀರ್ಪು ನೀಡುವುದು ಉತ್ತರಪತ್ರಿಕೆ ಓದದೆ ಅಂಕ ಹಾಕಿದಂತೆ.

ಹೊಗೆ ಕಪ್ಪಾದರೆ ಗಾಳಿಯ ಪ್ರಮಾಣಕ್ಕೆ ಪೆಟ್ರೋಲ್ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಿರಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಿರಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ: ಬೆಳಗಿನ ಸ್ಟಾರ್ಟಿನಲ್ಲಷ್ಟೇ ಕಂಡರೆ ಬಹುಶಃ ವಾಲ್ವ್ ಸೀಲ್, ಏರು ಹತ್ತುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಸೋರಿಕೆಯ ಮೂಲವನ್ನೂ ನೆಲದ ಕಲೆಯಿಂದ ನಿರ್ಧರಿಸಬೇಡಿರಿ; ಎಂಜಿನ್ ಒರೆಸಿ, ಓಡಿಸಿ, ಮೊದಲು ಒದ್ದೆಯಾಗುವ ಮೇಲಿನ ಜಾಗವನ್ನು ಹುಡುಕಿರಿ.

ಗ್ಯಾರೇಜು ನಡೆಸುವ ನನ್ನ ಶಿಷ್ಯರೇ, ಒಂದು ಪ್ಯಾಕಿಂಗಿನಿಂದ ಮುಗಿಯುವ ಕೆಲಸಕ್ಕೆ ಬಡ ಚಾಲಕನ ತಿಂಗಳ ದುಡಿಮೆಯನ್ನು ಕಸಿಯುವುದು ಕಸುಬಲ್ಲ, ಅನ್ಯಾಯ.