ಬಡಾವಣೆಯ ಬಾಯಿ

ದೇಶದ ಭವಿಷ್ಯವು ದೊಡ್ಡ ಸಭೆಗಳಲ್ಲಿ ಚರ್ಚಿತವಾಗುವುದು ಸರಿಯೇ. ಆದರೆ ಗೃಹಸ್ಥನಿಗೆ ದಿನಬೆಳಗಾದರೆ ಎದುರಾಗುವ ಸರಕಾರವು ಅವನ ಓಣಿಯಲ್ಲಿಯೇ ಇರುತ್ತದೆ. ನಲ್ಲಿಗೆ ನೀರು ಬಂದಿತೆ, ಕಸದ ಬಂಡಿ ಬಂದಿತೆ, ಮಳೆಯ ನೀರು ಮೋರಿಯಲ್ಲಿ ಹರಿಯಿತೋ ಮನೆಯೊಳಗೆ ನುಗ್ಗಿತೋ, ಇವೇ ಅವನ ರಾಜಕಾರಣ. ಈ ರಾಜಕಾರಣಕ್ಕೆ ಬಾಯಾಗತಕ್ಕವನು ನಗರಪಾಲಿಕೆಯ ಸದಸ್ಯನು. ಅವನ ಪೀಠವು ಬರಿದಾದರೆ ಬಡಾವಣೆಯೇ ಮೂಕವಾಗುವುದು. ಇದಕ್ಕೆ ನಮ್ಮ ರಾಜಧಾನಿಯ ಅನುಭವವೇ ಸಾಕ್ಷಿ.

ಬೆಂಗಳೂರಿನಲ್ಲಿ ನಗರದ ಮತ್ತು ದಂಡಿನ ಪೌರಸಭೆಗಳೆರಡೂ 1949ರಲ್ಲಿ ಕೂಡಿ ಒಂದೇ ಪಾಲಿಕೆಯಾದುವು. 2007ರಲ್ಲಿ ಸುತ್ತಣ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಹಳ್ಳಿಗಳೂ ಸೇರಿ ಅದು ಬೃಹತ್ ಪಾಲಿಕೆಯೆನಿಸಿತು. 2010ರಲ್ಲಿಯೂ 2015ರಲ್ಲಿಯೂ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. 2011ರ ಜನಗಣತಿಯ ಪ್ರಕಾರ ಊರಿನಲ್ಲಿ ಸುಮಾರು 84 ಲಕ್ಷ ಜನರು. ಎಂದರೆ ಒಬ್ಬೊಬ್ಬ ಸದಸ್ಯನ ಹಿಂದೆ ಸರಾಸರಿ 42 ಸಾವಿರ ಜನರಿದ್ದರು. ಒಂದು ಪಟ್ಟಣದ ಭಾರವೇ ಒಬ್ಬನ ಹೆಗಲಿನ ಮೇಲಿದ್ದಿತು.

2020ರ ಸೆಪ್ಟೆಂಬರಿನಲ್ಲಿ ಆ ಸಭೆಯ ಅವಧಿ ತೀರಿತು. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಮುಗಿಯತಕ್ಕದ್ದೆಂದು ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದ್ದರೂ ಚುನಾವಣೆ ನಡೆಯಲಿಲ್ಲ. ವಾರ್ಡುಗಳ ಎಣಿಕೆ, ಗಡಿ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಒಂದರ ಹಿಂದೊಂದು ಕಾರಣಗಳು ಬಂದುವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯು ಐದಾದಾಗಲೂ ಅವುಗಳಲ್ಲಿ ಚುನಾಯಿತರಾದ ಒಬ್ಬ ಸದಸ್ಯನೂ ಇರಲಿಲ್ಲ. ಈ ಐದು ವರ್ಷಗಳಲ್ಲಿ ಕಂದಾಯವು ತಪ್ಪದೆ ವಸೂಲಾಯಿತು. ಆಯವ್ಯಯವನ್ನು ಮಾತ್ರ ಅಧಿಕಾರಿಗಳೇ ಮಂಡಿಸಿ ಅಧಿಕಾರಿಗಳೇ ಒಪ್ಪಿಕೊಂಡರು!

ಅಧಿಕಾರಿಯಿದ್ದರೆ ಸಾಲದೆ, ಸದಸ್ಯನೇಕೆ ಎಂದು ಕೇಳುವವರುಂಟು. ಬಡಾವಣೆಯ ಬಾಳು ಒಂದೇ ಕಚೇರಿಯ ಕೈಯಲ್ಲಿಲ್ಲ. ನೀರೂ ಒಳಚರಂಡಿಯೂ 1964ರಲ್ಲಿ ಹುಟ್ಟಿದ ಜಲಮಂಡಳಿಯವು. ದೀಪವು ವಿದ್ಯುತ್ ಕಂಪನಿಯದು. ನಿವೇಶನಗಳ ವಿನ್ಯಾಸವು 1976ರ ಅಭಿವೃದ್ಧಿ ಪ್ರಾಧಿಕಾರದ್ದು. ರಸ್ತೆಯೂ ಕಸವೂ ಪಾಲಿಕೆಯವು. ಒಬ್ಬರು ಡಾಂಬರು ಹಾಕಿದ ಬೀದಿಯನ್ನು ಇನ್ನೊಬ್ಬರು ಮರುವಾರವೇ ಅಗೆಯುವರು. ಈ ಬಾಗಿಲುಗಳನ್ನೆಲ್ಲ ಒಬ್ಬೊಬ್ಬನೇ ತಟ್ಟುವ ಶಕ್ತಿಯು ಗೃಹಸ್ಥನಿಗೆ ಎಲ್ಲಿಯದು? ಅವನ ಪರವಾಗಿ ಎಲ್ಲವನ್ನೂ ತಟ್ಟುವುದೇ ಸದಸ್ಯನ ಕರ್ತವ್ಯ. ಮಲ್ಲೇಶ್ವರ, ಇಂದಿರಾನಗರ, ಕೋರಮಂಗಲಗಳಂತಹ ವಾಸದ ಬಡಾವಣೆಗಳಲ್ಲಿ ಅಂಗಡಿ ಉಪಾಹಾರಗೃಹಗಳು ಮನೆಗಳ ನಡುವೆ ಬೆಳೆದಾಗ, ಎಷ್ಟಕ್ಕೆ ಎಡೆಗೊಡಬೇಕು, ಎಲ್ಲಿ ತಡೆಯಬೇಕು ಎಂಬ ನಿರ್ಣಯವು ನಿವಾಸಿಗಳನ್ನು ಕೇಳದೆ ಆಗತಕ್ಕದ್ದಲ್ಲ.

ಸದಸ್ಯರೆಲ್ಲರೂ ಸತ್ಪುರುಷರಾಗಿದ್ದರೆಂದು ನಾವು ವಾದಿಸುವುದಿಲ್ಲ. ಗುತ್ತಿಗೆದಾರರ ನೆರಳಿನಲ್ಲಿ ನಿಂತವರೂ ಇದ್ದರು. ಇದಕ್ಕೆ ಮದ್ದು ಪೀಠವನ್ನು ಬರಿದುಮಾಡುವುದಲ್ಲ, ಕಾವಲಿಡುವುದು. ಸದಸ್ಯನ ಅಧ್ಯಕ್ಷತೆಯಲ್ಲಿ ಹತ್ತು ಜನರ ವಾರ್ಡು ಸಮಿತಿಯನ್ನು ಪಾಲಿಕೆಗಳ ಶಾಸನವು ಕಲ್ಪಿಸಿತು. ಅದರಲ್ಲಿ ಮೂವರಾದರೂ ಸ್ತ್ರೀಯರು, ಇಬ್ಬರಾದರೂ ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರತಕ್ಕದ್ದು. ಸಮಿತಿಯು ತಪ್ಪದೆ ಕೂಡಿ ಲೆಕ್ಕ ಕೇಳಿದಲ್ಲಿ ಕಳ್ಳತನಕ್ಕೆ ಎಡೆ ಕಡಮೆ. ಇದಲ್ಲದೆ, ಕೆಟ್ಟ ಸದಸ್ಯನನ್ನು ಮತದಾರನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಲ್ಲನು, ಅಧಿಕಾರಿಯನ್ನು ಕಳುಹಿಸಲಾರನು.

ಸದಸ್ಯನಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಬಡಾವಣೆಯೆಂದರೆ ಸ್ವಂತ ಮನೆಯುಳ್ಳವರ ಸೊತ್ತಲ್ಲ. ಬಾಡಿಗೆಯ ಕೋಣೆಯಲ್ಲಿರುವ ಗುಮಾಸ್ತ, ಮೂಲೆಯಲ್ಲಿ ತರಕಾರಿ ಮಾರುವ ತಾಯಿ, ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕ, ಇವರೂ ಅವನ ಬಡಾವಣೆಯವರೇ. ಇವರ ಮಾತನ್ನು ಎತ್ತದವನು ಒಂದು ಸಂಘದ ಕಾರ್ಯದರ್ಶಿಯಾದಾನೇ ಹೊರತು ಜನಪ್ರತಿನಿಧಿಯಾಗಲಾರನು.

ಕೊನೆಯ ಹೊಣೆಯು ನಮ್ಮದು. 2015ರ ಚುನಾವಣೆಯಲ್ಲಿ ಬೆಂಗಳೂರಿನ ಮತದಾರರಲ್ಲಿ ಅರ್ಧದಷ್ಟು ಜನರೂ ಮತಗಟ್ಟೆಗೆ ಬರಲಿಲ್ಲ. ಬಾರದವರು ಬೀದಿಯ ಗುಂಡಿಯನ್ನು ಕಂಡು ಯಾರನ್ನು ದೂರಬೇಕು? ಉಪಾಧ್ಯಾಯರು ತಮ್ಮ ಶಾಲೆಯ ಮಕ್ಕಳಿಗೆ ಪ್ರಧಾನಮಂತ್ರಿಯ ಹೆಸರಿನೊಡನೆ ವಾರ್ಡಿನ ಹೆಸರನ್ನೂ ಕಲಿಸಲಿ. ನಾಗರಿಕರು ಬರಿದಾದ ಪೀಠವನ್ನು ಸಹಿಸದಿರಲಿ. ತುಂಬಿದ ಪೀಠವನ್ನು ನಿದ್ರಿಸಗೊಡದಿರಲಿ. ಓಣಿಯಲ್ಲಿ ಸೋತ ಸ್ವರಾಜ್ಯವು ವಿಧಾನಸೌಧದಲ್ಲಿ ಗೆಲ್ಲಲಾರದು.