ಮೈ ನೋಡಿ ಮಾತಾಡಬೇಡಿ, ರಕ್ತ ಪರೀಕ್ಷೆ ಮಾಡಿಸಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ತಂದೆತಾಯಿಯರೇ, ಹಿರಿಯರೇ,

ಮದುವೆ ಛತ್ರದಲ್ಲಿ ಹದಿನೈದು, ಹದಿನಾರರ ಹುಡುಗಿ ಎದುರಾದರೆ ದಯವಿಟ್ಟು "ಏನೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯಾ?" ಅನ್ನಬೇಡಿ. ಅವಳ ತಮ್ಮನನ್ನು "ಕಡ್ಡಿ ಪೈಲ್ವಾನ್" ಎಂದು ಕರೆಯಬೇಡಿ. ನೀವು ಅಕ್ಕರೆಯಿಂದಲೇ ಅಂದಿರುತ್ತೀರಿ. ಆದರೆ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸಲು ಬಂದಾಗ ಆ ಹುಡುಗಿ ಎಲೆಗೆ ಕೈ ಅಡ್ಡ ಹಿಡಿಯುವುದನ್ನು ಸ್ವಲ್ಪ ಗಮನಿಸಿ. ಮನೆಗೆ ಬಂದು ಮೊಬೈಲ್ ತೆರೆದರೆ ಅಲ್ಲೂ ಸಣ್ಣ ಸೊಂಟ, ಬಿಳಿ ಬಣ್ಣ, ಹುರಿಗಟ್ಟಿದ ತೋಳು. ಮನೆಯವರು, ಗೆಳೆಯರು, ರೀಲ್ಸ್ ಎಲ್ಲರೂ ಸೇರಿ ಮಕ್ಕಳಿಗೆ ಒಂದೇ ಪಾಠ ಹೇಳಿಕೊಡುತ್ತಿದ್ದೇವೆ: ಕನ್ನಡಿಯಲ್ಲಿ ಚೆನ್ನಾಗಿ ಕಂಡರೆ ಆರೋಗ್ಯ ಚೆನ್ನಾಗಿದೆ ಅಂತ.

ಅದು ಸುಳ್ಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ. ಉಳ್ಳವರ ಮನೆಯಲ್ಲಿ ಹಾಗಿಲ್ಲ ಎಂದು ಸುಮ್ಮನಿರಬೇಡಿ. ಬೆಳಗಿನ ಕೋಚಿಂಗ್‌ಗೆ ಬರೀ ಕಾಫಿ ಕುಡಿದು ಓಡುವ ಪಿಯುಸಿ ಹುಡುಗಿ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಮನೆಯಲ್ಲಿ ಸೋಮಾರಿ ಅನ್ನುತ್ತೇವೆ. ತೆಳ್ಳಗಿದ್ದೇನಲ್ಲ, ನನಗೇನಾಗಿದೆ ಎಂದು ಅವಳೂ ಅಂದುಕೊಳ್ಳುತ್ತಾಳೆ. ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೋಸಂಬರಿಗೆ ಹಿಂಡುವ ನಿಂಬೆಹಣ್ಣು ಹತ್ತುವಂತೆ ಮಾಡುತ್ತದೆ.

ಹುಡುಗರ ಕಥೆ ಬೇರೆ. ಕಟ್ಟುಮಸ್ತಾದ ಮೈಯ ಮೋಹ ಈ ಊರಿಗೆ ಹೊಸದೇನಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿ ಕಣ್ಣೆದುರಿಗೆ ಗುರುವಿದ್ದರು. ಇಂದು ಮೊಬೈಲಿನಲ್ಲಿ ಹುಡುಗನಿಗೆ ಸಲಹೆ ಕೊಡುವವನು ಅವನನ್ನು ಕಂಡೇ ಇಲ್ಲ, ಪ್ರೋಟೀನ್ ಪುಡಿಯ ಡಬ್ಬಿ ಮಾರುವುದಷ್ಟೇ ಆ ಸಲಹೆಗಾರನ ಕಸುಬು. ಜಿಮ್ ನಡೆಸುವವರಲ್ಲಿ ನನ್ನ ಪ್ರಾರ್ಥನೆ: ಹದಿನೆಂಟು ತುಂಬದವರಿಗೆ ಪುಡಿ ಮಾರಬೇಡಿ. ಸ್ಟೆರಾಯ್ಡ್ ಮಾತನ್ನಂತೂ ಎತ್ತಲೇಬೇಡಿ, ಬೆಳೆಯುವ ಮೂಳೆ ಅದರಿಂದ ಬೇಗ ಬೆಳವಣಿಗೆ ನಿಲ್ಲಿಸಿಬಿಡಬಹುದು.

ಮಕ್ಕಳ ಮೈಗೆ ಬೇಕಾದದ್ದು ಪುಡಿಯಲ್ಲ, ಆಟ. 1898ರಲ್ಲಿ ಪ್ಲೇಗ್ ಬಂದು ಪೇಟೆ ತತ್ತರಿಸಿದ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಜನ ಗಾಳಿ ಬೆಳಕಿನಲ್ಲಿ ಬದುಕಲೆಂದೇ ಕಟ್ಟಿದರು. ಅಗಲ ರಸ್ತೆ, ಮನೆ ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಪಾರ್ಕು. ಆ ಗಲ್ಲಿಗಳಲ್ಲಿ ಈಗ ಕಾರು ನಿಂತಿವೆ, ಮಕ್ಕಳು ಟ್ಯೂಷನ್ನಿನಲ್ಲಿ ಕೂತಿದ್ದಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಅಷ್ಟು ಸಿಗುತ್ತಿದೆಯೇ?

ಊಟ ಬಿಡುವುದು, ಕದ ಹಾಕಿಕೊಂಡು ಕೂರುವುದು, ಕನ್ನಡಿ ಮುಂದೆ ಅಳುವುದು ಕಂಡರೆ ಗದರಬೇಡಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ. ಹತ್ತಿರದಲ್ಲೇ ನಿಮ್ಹಾನ್ಸ್ ಇದೆ.

ಮುಂದಿನ ಪೋಷಕರ ಸಭೆಯಲ್ಲಿ ಅಂಕದ ವಿಷಯಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಪಿ.ಟಿ. ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ವಾಪಸ್ ಕೊಡಿಸಿ.